ಕುಡಿದವನನ್ನೇ ಕುಡಿಯುವ ಹೆಂಡ

ಶಿಶುನಾಳ ಶರೀಫರ ‘ಕೋಡಗನ ಕೋಳಿ ನುಂಗಿತ್ತ’ ನಮ್ಮ ಹಾವೇರಿ ಸೀಮೆಯ ಭಜನಾ ಮೇಳಗಳಿಗೆ ಬಾಯಿಪಾಠ. ಶಿಗ್ಗಾಂವಿ ತಾಲ್ಲೂಕಿನ ಶಿಶುನಾಳದಲ್ಲಿ 1819ರಲ್ಲಿ ಹುಟ್ಟಿ 1889ರಲ್ಲಿ ತೀರಿಕೊಂಡ ಸಂತ ಆ ಪದದಲ್ಲಿ ಹೆಂಡದ ಮಾತೆತ್ತಿಲ್ಲ. ಆದರೂ ಚಟದ ನಡತೆಯನ್ನು ಇಷ್ಟು ನಿಖರವಾಗಿ ತೋರಿಸುವ ಹಾಡು ಕನ್ನಡದಲ್ಲಿ ಇನ್ನೊಂದಿಲ್ಲವೆಂದೇ ನನ್ನ ನಂಬಿಕೆ. ಅಲ್ಲಿ ಉಣ್ಣಲು ಬಂದವರು ಉಣಿಸಿಗೇ ತುತ್ತಾಗುತ್ತಾರೆ, ಕುಣಿಯುವವಳು ಮದ್ದಲೆಯ ಪಾಲಾಗುತ್ತಾಳೆ. ಕುಡಿತವೂ ಹಾಗೆಯೇ. ಮೈ ನೋವಿಗೆಂದು ಶುರುವಾದ ಒಂದು ಕ್ವಾರ್ಟರ್ ಬರಬರುತ್ತ ದಿನದ ಪಗಾರ, ಹೆಂಡತಿಯ ತಾಳಿ, ಮಕ್ಕಳ ಫೀ, ಕಡೆಗೆ ಕುಡಿದವನನ್ನೂ ನುಂಗಿ ಕೂರುತ್ತದೆ. ಬ್ಯಾಡಗಿ, ರಾಣೇಬೆನ್ನೂರಿನ ಯಾವ ಓಣಿಗೂ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಶರೀಫರು ಆ ಪದವನ್ನು ನುಂಗುವುದರಲ್ಲೇ ಬಿಡಲಿಲ್ಲ. ಕೊನೆಗೆ ಗುರು ಗೋವಿಂದರ ಪಾದವೇ ಅವರನ್ನು ನುಂಗುತ್ತದೆ. ಸ್ವತಃ ಕುಡಿಯದ ಜಿ.ಪಿ. ರಾಜರತ್ನಂ ಸೃಷ್ಟಿಸಿದ ಯೆಂಡ್ಕುಡುಕ ರತ್ನನನ್ನೂ ನೆನೆಯಿರಿ. ದೇವರು ಎದುರು ನಿಂತು ಕೇಳಿದರೆ ಹೆಂಡ ಬಿಡಲು ಅವನು ಸಿದ್ಧ, ಹೆಂಡತಿಯನ್ನು ಬಿಡಲೂ ಸಿದ್ಧ, ಕನ್ನಡ ಪದ ಹಾಡುವುದನ್ನು ಮಾತ್ರ ಬಿಡಲಾರ. ಹೆಂಡ ಎಷ್ಟೇ ದೊಡ್ಡ ಧಣಿಯಾದರೂ ಅದಕ್ಕಿಂತ ಮೇಲಿನದೊಂದು ಈ ಇಬ್ಬರ ಪದಗಳಲ್ಲೂ ಇದೆ. ಬಾಟಲಿಯನ್ನು ಗೆಳೆಯನೆಂದು ಹಾಡುವ ಈಗಿನ ಸಿನಿಮಾ ಗೀತೆಗಳಲ್ಲಿ ನನಗೆ ಕಾಣದಿರುವುದು ಅದೇ. ಜಾತ್ರೆಯ ಆರ್ಕೆಸ್ಟ್ರಾದಲ್ಲಿ ಹತ್ತು ವರ್ಷದ ಹುಡುಗರು ಅವಕ್ಕೆ ಕುಣಿಯುವಾಗ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಪೊಲೀಸರು ಇದನ್ನು ತಡೆಯಲಾರರು. ಗಾಂಜಾ ಕುರಿತ ಹಾಡೊಂದಕ್ಕಾಗಿ 2018ರಲ್ಲಿ ಬೆಂಗಳೂರಿನ ಸಿಸಿಬಿ ರ‍್ಯಾಪರ್ ಚಂದನ್ ಶೆಟ್ಟಿಯವರಿಗೆ ನೋಟಿಸ್ ಕೊಟ್ಟಿತು. ಅಮಲಿನ ಹಾಡುಗಳೇನೂ ನಿಲ್ಲಲಿಲ್ಲ. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಷೇಧವಾಯಿತು. ಗಿರಾಕಿ ಪಕ್ಕದ ಬ್ರಾಂದಿ ಅಂಗಡಿಗೆ ಸರಿದ. ಹಾಡಿಗೆ ಹಾಡೇ ಎದುರು ನಿಲ್ಲಬೇಕು.

ಆ ಹಾಡು ಹೊಸದಾಗಿ ಹುಟ್ಟಬೇಕೆಂದೇನೂ ಇಲ್ಲ. ಕುಡುಕ ಗಂಡನ ಜೊತೆ ಬಾಳಿದ ಹೆಂಗಸರು ಬೀಸುವಾಗ, ಕಳೆ ತೆಗೆಯುವಾಗ ಹಾಡಿಕೊಂಡ ಪದಗಳಿವೆ. ಕುಡಿದವನ ಮಾತು ಅಚ್ಚಾದಷ್ಟು ಇವು ಅಚ್ಚಾಗಿಲ್ಲ. ಹಾವೇರಿ, ರಾಣೇಬೆನ್ನೂರು, ಬ್ಯಾಡಗಿಯ ಓದುಗರಲ್ಲಿ ಒಂದು ಕೇಳಿಕೆ: ನಿಮ್ಮ ತಾಯಿ, ಅಜ್ಜಿ, ನೆರೆಯವರು ಹಾಡುವ ಅಂಥ ಪದಗಳನ್ನು ಅವರ ಒಪ್ಪಿಗೆ ಪಡೆದು, ಅವರ ನುಡಿಯಲ್ಲೇ ಬರೆದು ನಮಗೆ ಕಳಿಸಿ. ಹೆಸರು ಬೇಡವೆಂದರೆ ಹೆಸರಿಲ್ಲದೆಯೇ ಅಚ್ಚು ಹಾಕುತ್ತೇವೆ.