ಗೆಳತಿಯರಿಗೆ ಹೊಸ ಆಟವನ್ನು ಕಲಿಸುವ ರೀತಿ

ಯಾವ ವಿದ್ಯೆಯೇ ಆಗಲಿ, ಮೊದಲ ದಿನವೇ ಅದರ ಸಮಸ್ತ ನಿಯಮಗಳನ್ನು ಕಲಿಯುವವಳ ಮುಂದೆ ಸುರಿದರೆ ಅವಳು ಅದಕ್ಕೆ ವಿಮುಖಳಾಗುವಳೆಂಬುದನ್ನು ಉಪಾಧ್ಯಾಯವೃತ್ತಿಯಲ್ಲಿರುವವರೆಲ್ಲರೂ ಬಲ್ಲರು. ತಿಳಿದುದರಿಂದ ತಿಳಿಯದುದಕ್ಕೆ, ಸುಲಭದಿಂದ ಕಠಿಣಕ್ಕೆ ಎಂಬ ಕ್ರಮವು ಪಾಠಶಾಲೆಗೆ ಮಾತ್ರವಲ್ಲ, ಆಟಕ್ಕೂ ಸಲ್ಲತಕ್ಕುದು. ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಕೆಲವರು ರೋಲ್‌ಪ್ಲೇಯಿಂಗ್ ಆಟಗಳಲ್ಲಿ ಆಸಕ್ತರಾಗಿದ್ದು, ಒಮ್ಮೆ ಆಡಬಂದ ಗೆಳತಿಯರು ಮತ್ತೆ ಬರುವುದಿಲ್ಲವೆಂದು ಹೇಳುತ್ತಿರುವುದರಿಂದ ಈ ವಿಷಯವಾಗಿ ನಾಲ್ಕು ಮಾತು ಬರೆಯುವುದು ಉಚಿತವೆಂದು ತೋರಿತು.

ಈ ಆಟವನ್ನರಿಯದ ತಾಯ್ತಂದೆಗಳಿಗಾಗಿ ಅದರ ಸ್ವರೂಪವನ್ನು ಸಂಕ್ಷೇಪವಾಗಿ ಹೇಳುವೆನು. ನಾಲ್ಕೈದು ಮಂದಿ ಮೇಜಿನ ಸುತ್ತ ಕುಳಿತು, ಒಂದೊಂದು ಪಾತ್ರವನ್ನು ವಹಿಸಿ, ಎಲ್ಲರೂ ಕೂಡಿ ಒಂದು ಕಥೆಯನ್ನು ನಡೆಯಿಸುವರು. ಅವರಲ್ಲೊಬ್ಬಳು ಸೂತ್ರಧಾರಿಣಿಯಾಗಿ ಸನ್ನಿವೇಶವನ್ನು ವರ್ಣಿಸುವಳು. ಉಳಿದವರು ತಮ್ಮ ತಮ್ಮ ಪಾತ್ರವು ಏನು ಮಾಡುವುದೆಂದು ಹೇಳುವರು. ಫಲವು ಸಂದೇಹಾಸ್ಪದವಾದಲ್ಲಿ ದಾಳವು ನಿರ್ಣಯಿಸುವುದು. ಇದರಲ್ಲಿ ಪಣವಿಲ್ಲ; ಆದಕಾರಣ ದಾಳವೆಂದೊಡನೆ ಜೂಜೆಂದು ಯಾರೂ ಬೆದರಬೇಕಾದುದಿಲ್ಲ.

ಈ ಜಾತಿಯ ಆಟಗಳಲ್ಲಿ ಅತ್ಯಂತ ಪ್ರಸಿದ್ಧವಾದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬುದನ್ನು ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಎಂಬವರು 1974ರಲ್ಲಿ ಅಮೆರಿಕದಲ್ಲಿ ಹೊರತಂದರು. ಅದು ಹೊಸಬರಿಗೆ ದುರ್ಗಮವಾಗಿದ್ದುದರಿಂದ 1977ರಲ್ಲಿ ಆರಂಭಿಕರಿಗಾಗಿ ಒಂದು ಪ್ರತ್ಯೇಕ ಪೆಟ್ಟಿಗೆಯು ಪ್ರಕಟವಾಯಿತು. 1983ರ ಕೆಂಪು ಪೆಟ್ಟಿಗೆಯಲ್ಲಿಯಂತೂ ಓದುಗಳು ಮೊದಲು ತಾನೊಬ್ಬಳೇ ಒಂದು ಚಿಕ್ಕ ಕಥೆಯನ್ನು ಆಡುತ್ತಾ ಆಡುತ್ತಾ ನಿಯಮಗಳನ್ನು ಕಲಿಯುವಂತೆ ಏರ್ಪಾಡು ಮಾಡಿದ್ದರು. ಇದಕ್ಕಿಂತ ಒಳ್ಳೆಯ ಬೋಧನಕ್ರಮವುಂಟೇ?

2014ರ ಸ್ಟಾರ್ಟರ್ ಸೆಟ್ ಎಂಬ ಪೆಟ್ಟಿಗೆಯನ್ನು ಪರಿಶೀಲಿಸಿರಿ. ಅದೇ ವರ್ಷ ಪ್ರಕಟವಾದ ಆಟಗಾರರ ಕೈಪಿಡಿಯು 320 ಪುಟಗಳದು. ಪೆಟ್ಟಿಗೆಯ ನಿಯಮಪುಸ್ತಕವಾದರೋ 32 ಪುಟಗಳದು. ಇದರ ಸಂಗಡ 64 ಪುಟಗಳ ಒಂದು ಕಥೆ, ಸಿದ್ಧಪಡಿಸಿದ 5 ಪಾತ್ರಗಳ ವಿವರಪತ್ರಗಳು, 4 ಮುಖಗಳಿಂದ 20 ಮುಖಗಳವರೆಗಿನ 6 ದಾಳಗಳು ಇರುವುವು. ಕಥೆಯು ಸಾಮಾನು ತುಂಬಿದ ಒಂದು ಬಂಡಿಯ ಪ್ರಯಾಣದಿಂದ ಆರಂಭವಾಗುವುದು. ಮುಂದೆ ದಾರಿಗೆ ಅಡ್ಡವಾಗಿ ಎರಡು ಕುದುರೆಗಳು ಸತ್ತು ಬಿದ್ದಿರುವುವು. "ಈಗ ನೀವೇನು ಮಾಡುವಿರಿ?" ಎಂದು ಕೇಳಿದರಾಯಿತು, ಆಟವು ಮೊದಲಾಯಿತು. ಬಂಡಿಯನ್ನೂ ಕುದುರೆಯನ್ನೂ ಅರಿಯದವರಾರು?

ಪೆಟ್ಟಿಗೆಯು ಇಷ್ಟು ಉಪಕಾರ ಮಾಡಿದರೂ ಕರೆದವಳ ಅವಿವೇಕದಿಂದ ಎಲ್ಲವೂ ಕೆಡಬಹುದು. ತಾನು ಬಲ್ಲುದನ್ನೆಲ್ಲ ಮೊದಲು ವಿವರಿಸಹೊರಡುವುದು, ತಪ್ಪಿದಾಗಲೆಲ್ಲ ತಿದ್ದುವುದು, ವಾಚಾಳಿಯಾದವಳಿಗೇ ಎಲ್ಲ ಸರದಿಯನ್ನೂ ಬಿಟ್ಟುಕೊಡುವುದು, ಇವು ಮೂರೂ ಹೊಸಬಳನ್ನು ಓಡಿಸತಕ್ಕ ದೋಷಗಳು. ಸೂತ್ರಧಾರಿಣಿಯು ಪುಸ್ತಕವನ್ನು ಮುಂಚಿತವಾಗಿ ತಾನೇ ಓದಿಕೊಂಡಿರಲಿ. ಅವಶ್ಯಕವಾದ ನಿಯಮವನ್ನು ಅವಶ್ಯಕವಾದಾಗಲೇ ಹೇಳಲಿ. ಮೌನವಾಗಿ ಕುಳಿತವಳನ್ನು ಹೆಸರು ಹಿಡಿದು ಕೇಳಲಿ. ಬೇಸರ ಹುಟ್ಟುವುದಕ್ಕೆ ಮೊದಲೇ ಆಟವನ್ನು ನಿಲ್ಲಿಸಲಿ.

ಸಿದ್ಧಪಾತ್ರಗಳನ್ನು ಕೈಗೆ ಕೊಡುವುದರಿಂದ ಸ್ವಾತಂತ್ರ್ಯವು ಕುಂದುವುದೆಂದು ಅನುಭವಿಗಳು ಆಕ್ಷೇಪಿಸುವರು. ಈ ಪೆಟ್ಟಿಗೆಯಲ್ಲಿ ಸ್ವಂತ ಪಾತ್ರವನ್ನು ರಚಿಸುವ ವಿಧಾನವಿಲ್ಲವೆಂಬುದು ನಿಜ. ಆದರೆ ಅಕ್ಷರವನ್ನು ತಿದ್ದಿದ ಮೇಲಲ್ಲವೇ ಸ್ವಂತ ಬರಹ? ರುಚಿ ಹತ್ತಿದ ಬಳಿಕ 2019ರ ಎಸೆನ್ಷಿಯಲ್ಸ್ ಕಿಟ್ ಎಂಬುದನ್ನು ತೆರೆಯಬಹುದು. ಅದರಲ್ಲಿ ಪಾತ್ರರಚನೆಯೂ ಉಂಟು, ಒಬ್ಬಳೇ ಗೆಳತಿಯಿದ್ದರೂ ಆಡುವ ಮಾರ್ಗವೂ ಉಂಟು.

ಆಟವೊಂದಕ್ಕೆ ಇಷ್ಟು ಮಾತೇಕೆಂದು ಕೇಳುವವರಿಗೆ ನನ್ನ ಉತ್ತರವಿದು. ಶಾಲೆಯನ್ನು ಬಿಟ್ಟ ಹೆಣ್ಣುಮಕ್ಕಳ ಸ್ನೇಹವು ವಿವಾಹ, ಉದ್ಯೋಗ, ಮಕ್ಕಳ ಪಾಲನೆ ಇವುಗಳ ನಡುವೆ ಕಾಣದಂತೆ ಸವೆದುಹೋಗುವುದು. ಒಬ್ಬರ ಮಾತನ್ನೊಬ್ಬರು ಕೇಳಿ, ಸರದಿಗೆ ಕಾದು, ಕೂಡಿ ನಗುವ ಎರಡು ಗಂಟೆಗಳು ಅಂಥವರಿಗೆ ಅಲ್ಪಲಾಭವಲ್ಲ. ಮೊದಲ ಸಂಜೆ ತಾನು ದಡ್ಡಳೆಂದು ತೋರಿಬಿಟ್ಟ ಗೆಳತಿಯು ಆಟದೊಡನೆ ಈ ಕೂಟವನ್ನೂ ಕಳೆದುಕೊಳ್ಳುವಳು. ಆದುದರಿಂದ, ಪ್ರಿಯ ವಿದ್ಯಾರ್ಥಿನಿಯರೇ, ಚಿಕ್ಕ ಪೆಟ್ಟಿಗೆಯನ್ನು ಬಾಲಬೋಧೆಯೆಂದು ಕಡೆಗಣಿಸದಿರಿ. ನಿಮ್ಮ ಕೆಲಸ ಮುಗಿದ ಮೇಲೆ ಅದನ್ನು ಇನ್ನೊಬ್ಬ ಗೆಳತಿಯ ಕೈಗೆ ದಾಟಿಸಿರಿ.