ತೊರೆಗೆ ಸಮುದ್ರದ ವೇಷ!

ಫಾರಿನ್ ಲೊಕೇಷನ್ನು ಅಂದಕೂಡಲೇ ನಮ್ಮ ಹುಡುಗರ ಕಣ್ಮುಂದೆ ಬರೋದು ಸ್ವಿಟ್ಜರ್ಲೆಂಡಿನ ಹಿಮ, ಇಲ್ಲವೇ ಲಂಡನ್ನಿನ ಕೆಂಪು ಬಸ್ಸು. ಈ ವಾರ ಎರಡನ್ನೂ ಬಿಟ್ಟು ಒಂದು ಪುಟ್ಟ ಹಳ್ಳಿಗೆ ಹೋಗೋಣ ಬನ್ನಿ. ಇಂಗ್ಲೆಂಡಿನ ವಿಲ್ಟ್‌ಷೈರ್ ಸೀಮೆಯ ಈ ಹಳ್ಳಿಯ ಹೆಸರು ಕಾಸಲ್ ಕೂಮ್. ಬರೆಯೋದು 'ಕೋಂಬೆ' ಅಂತ, ಹೇಳೋದು 'ಕೂಮ್' ಅಂತ. ನಾನು ಪಿಯುಸಿ ಅರ್ಧಕ್ಕೆ ಬಿಟ್ಟದ್ದು ಇಂಥ ಸ್ಪೆಲ್ಲಿಂಗುಗಳ ದೆಸೆಯಿಂದಲೇ ಅಂದರೆ ಮನೆಯಲ್ಲಿ ಯಾರೂ ನಂಬಲಿಲ್ಲ!

ಲಂಡನ್ನಿಗೆ ಹೋಗುವ ಯೋಗ ಕೂಡಿಬಂದಿತ್ತು (ಖರ್ಚು ನನ್ನದಲ್ಲ ಬಿಡಿ). ಒಂದು ದಿನ ಕೈಯಲ್ಲಿ ಉಳಿಯಿತು. ಪ್ಯಾಡಿಂಗ್ಟನ್‌ನಲ್ಲಿ ರೈಲು ಹತ್ತಿ, ಒಂದು ಗಂಟೆ ಚಿಲ್ಲರೆಗೆ ಚಿಪ್ಪೆನ್‌ಹ್ಯಾಮ್‌ನಲ್ಲಿ ಇಳಿದೆ. ಅಲ್ಲಿಂದ ಟ್ಯಾಕ್ಸಿ. ಟ್ಯಾಕ್ಸಿ ಬಿಲ್ಲಿನ ಮಾತು ಬೇಡ.

ಕಾರುಗಳೆಲ್ಲ ಗುಡ್ಡದ ಮೇಲೇ ನಿಲ್ಲುತ್ತವೆ. ಇಳಿಜಾರಿನಲ್ಲಿ ನಡೆದು ಬಂದರೆ... ಅಬ್ಬಾ! ಜೇನುಬಣ್ಣದ ಕಲ್ಲಿನ ಮನೆಗಳು, ಕಲ್ಲುಹಂಚಿನ ಸೂರು, ಊರ ನಡುವೆ ಹಳೇ ಸಂತೆಕಟ್ಟೆ. ಚರ್ಚಿನಲ್ಲಿ ಒಂದು ಗಡಿಯಾರ, ಅದಕ್ಕೆ ಮುಖವೇ ಇಲ್ಲ, ಗಂಟೆ ಮಾತ್ರ ಹೊಡೆಯುತ್ತೆ! ಕೆಳಗೆ ಬಂದರೆ ಕಲ್ಲಿನ ಸೇತುವೆ, ಅದರಡಿ ಬೈಬ್ರೂಕ್ ಎಂಬ ತೊರೆ. ನದಿ ಅಂದರೆ ನಮ್ಮ ಕಾವೇರಿಗೆ ಸಿಟ್ಟು ಬಂದೀತು. ಸೇತುವೆ ಹತ್ತಿರ ಪ್ಯಾಂಟು ಮಡಚಿಕೊಂಡು ದಾಟಬಹುದು. ಆದರೆ ಇದೇ ತೊರೆಯ ದಂಡೆಯಲ್ಲಿ ಒಂದು ಕಾಲಕ್ಕೆ ಉಣ್ಣೆ ನೇಯ್ಗೆಯವರು ಬದುಕು ಕಟ್ಟಿಕೊಂಡಿದ್ದರು. ಕಸುಬು ಕೈಬಿಟ್ಟಿತು, ಜನ ಹೋದರು. ಹೊಸ ಮನೆ ಕಟ್ಟಲು ಯಾರ ಹತ್ರಾನೂ ಕಾಸಿರಲಿಲ್ಲ, ಹಳೇದೇ ಉಳಿಯಿತು. ನಾವೀಗ ಕ್ಯಾಮೆರಾ ಹಿಡಿದು ಹೊಗಳುವ ಚೆಲುವು, ಬಡತನ ಬಿಟ್ಟುಹೋದದ್ದು ಸ್ವಾಮೀ.

ಇಂಥ ಊರಿಗೆ 1966ರಲ್ಲಿ ಹಾಲಿವುಡ್ಡಿನ ಯೂನಿಟ್ಟು ಬಂತು. ಚಿತ್ರ 'ಡಾಕ್ಟರ್ ಡೂಲಿಟಲ್', ನಾಯಕ ರೆಕ್ಸ್ ಹ್ಯಾರಿಸನ್. ಪ್ರಾಣಿಗಳ ಜತೆ ಮಾತಾಡುವ ಡಾಕ್ಟರಿನ ಊರು ಬಂದರು ಪಟ್ಟಣವಾಗಬೇಕು. ಇಲ್ಲಿ ಕಡಲೆಲ್ಲಿ? ತೊರೆಗೇ ಅಣೆಕಟ್ಟು ಹಾಕಿ ನೀರು ನಿಲ್ಲಿಸಿದರು, ದೋಣಿ ಬಿಟ್ಟರು! ಮನೆಗಳ ಮೇಲಿದ್ದ ಟಿವಿ ಆಂಟೆನಾ ಕೀಳಿಸಿದರು. ಊರಿನವರಿಗೆ ರೇಗದೆ ಇರುತ್ತಾ?

ರೇಗಿದ್ದು ಇನ್ನೊಬ್ಬನಿಗೂ. ರಾನಲ್ಫ್ ಫೈನ್ಸ್ ಅಂತ, ಇಪ್ಪತ್ತೆರಡರ ಆಸುಪಾಸಿನ ಸೈನ್ಯಾಧಿಕಾರಿ. ಇಂಥ ಚೆಲುವಿನ ಊರನ್ನು ಕೆಡಿಸಿದರಲ್ಲಾ ಅಂತ, ಆ ಅಣೆಕಟ್ಟನ್ನೇ ಸ್ಫೋಟಿಸಲು ಹೊರಟ! ಕ್ಲೈಮ್ಯಾಕ್ಸ್ ಫೈಟು ಇರಬೇಕಾದ ಜಾಗದಲ್ಲಿ ಪೊಲೀಸರು ಬಂದರು. ದಂಡ ಬಿತ್ತು, ವಿಶೇಷ ಪಡೆಯಿಂದ ಹೊರಹಾಕಿದರು. ಇದೇ ಆಸಾಮಿ ಮುಂದೆ 1979ರಿಂದ 82ರವರೆಗೆ ಎರಡೂ ಧ್ರುವಗಳನ್ನು ಮುಟ್ಟಿ ಭೂಮಿ ಸುತ್ತಿ ಬಂದ. ಸಿಡಿಮದ್ದು ಇಟ್ಟದ್ದು ಸರಿ ಅಂತ ನಾನು ಅನ್ನಲಾರೆ, ಯಾರಿಗಾದರೂ ಪೆಟ್ಟಾಗಿದ್ದರೆ? ಆದರೆ ಅವನ ಸಿಟ್ಟು ಮಾತ್ರ ನನಗೆ ಅರ್ಥವಾಗುತ್ತೆ. ಸಿನಿಮಾದಿಂದಲೇ ಅನ್ನ ತಿನ್ನುವವನು ಹೀಗೆ ಬರೆಯಬಹುದಾ ಅಂತೀರಾ? ಬರೀತೀನಿ.

ಕೊನೆಗಾದರೂ ಲಾಭವಾಯಿತಾ? ಬೇಸಿಗೆ ಪೂರ್ತಿ ಮಳೆ ಕಾಡಿತು. ಯೂನಿಟ್ಟು ಗಂಟುಮೂಟೆ ಕಟ್ಟಿ, ಕ್ಯಾಲಿಫೋರ್ನಿಯಾದಲ್ಲಿ ಸೆಟ್ ಹಾಕಿ ಚಿತ್ರೀಕರಣ ಮುಂದುವರಿಸಿತು! 1967ರಲ್ಲಿ ತೆರೆಕಂಡ ಚಿತ್ರಕ್ಕೆ ಒಂಬತ್ತು ಆಸ್ಕರ್ ನಾಮಕರಣ, ಎರಡು ಪ್ರಶಸ್ತಿ. ಗಲ್ಲಾಪೆಟ್ಟಿಗೆಯಲ್ಲಿ ಮಾತ್ರ ಮಕಾಡೆ.

ನಮ್ಮ ರಾಮನಗರದಲ್ಲಿ 'ಶೋಲೆ'ಗಾಗಿ ಬಯಲಲ್ಲಿ ಇಡೀ ಹಳ್ಳಿಯನ್ನೇ ಕಟ್ಟಿದ್ದರು, ಕೆಲಸ ಮುಗಿದ ಮೇಲೆ ಅದು ಮಾಯ. ಇಲ್ಲಿ ಇದ್ದ ಊರಿಗೇ ಬಣ್ಣ ಹಚ್ಚಿದರು. ಸೆಟ್ಟಿಗೆ ಸಿಟ್ಟು ಬರಲ್ಲ, ಊರಿಗೆ ಬರುತ್ತೆ.

ಆಮೇಲೆ ಬಂದವರೂ ಉಂಟು. ಸ್ಪೀಲ್‌ಬರ್ಗ್ ಸಾಹೇಬರು 'ವಾರ್ ಹಾರ್ಸ್' ಚಿತ್ರಕ್ಕೆ 2010ರಲ್ಲಿ ಇಲ್ಲೇ ಕ್ಯಾಮೆರಾ ಇಟ್ಟರು. ನಾನು ಸೇತುವೆ ಮೇಲೆ ನಿಂತಿದ್ದಾಗ ನಾಯಿ ಹಿಡಿದು ಬಂದ ಅಜ್ಜಿಯೊಬ್ಬರು, ಯಾವ ಪಿಚ್ಚರ್ ನೋಡಿ ಬಂದೆ, ಕುದುರೆಯದಾ ಡಾಕ್ಟರದಾ ಅಂತ ವಿಚಾರಿಸಿದರು. ಡಾಕ್ಟರದು ಅಂದೆ. ಅಜ್ಜಿ ತೊರೆಯ ಕಡೆ ಒಮ್ಮೆ ನೋಡಿ, ಏನೂ ಹೇಳದೆ ನಾಯಿಯನ್ನು ಎಳಕೊಂಡು ಹೊರಟುಬಿಟ್ಟರು. ಅಣೆಕಟ್ಟಿನ ಸುಳಿವೂ ನನಗೆ ಕಾಣಲಿಲ್ಲ. ನೀರು ಮೊಣಕಾಲುದ್ದ, ತಳದ ಕಲ್ಲು ಕಾಣುವಷ್ಟು ತಿಳಿ.

ಮುಂದಿನ ವಾರ ಮತ್ತೆ ಗಾಂಧಿನಗರದಲ್ಲಿ ಸಿಗೋಣ.