ಪಾದಯಾತ್ರಿಯ ಬುತ್ತಿ

ಯುಗಾದಿಯ ಸಮಯಕ್ಕೆ ಶ್ರೀಶೈಲ ಸೇರಬೇಕೆಂದು ಉತ್ತರ ಕರ್ನಾಟಕದ ಊರೂರುಗಳಿಂದ ಸದ್ಭಕ್ತರು ಕಾಲ್ನಡಿಗೆಯಲ್ಲಿ ಹೊರಡುವುದು ತಲೆಮಾರುಗಳಿಂದ ಬಂದ ವಾಡಿಕೆ. ಮಲ್ಲಯ್ಯನ ಕಂಬಿಯ ಹಿಂದೆ ಹೆಜ್ಜೆ ಹಾಕುವವರಲ್ಲಿ ಎಪ್ಪತ್ತು ದಾಟಿದ ಹಿರಿಯರೂ ಇರುವರು, ಕಾಲೇಜಿನ ಹುಡುಗರೂ ಇರುವರು. ಹಿರಿಯರ ಹೆಗಲಿಗೆ ಒಂದು ಬಟ್ಟೆಯ ಚೀಲ. ಹುಡುಗರ ಬೆನ್ನಿಗೆ ದೊಡ್ಡದೊಂದು ಬ್ಯಾಗು, ಅದರಲ್ಲಿ ಗ್ಯಾಸಿನ ಒಲೆ, ಸ್ಟೀಲಿನ ಡಬ್ಬಿಗಳು, ಅಕ್ಕಿ, ಬೇಳೆ. ಮೂರನೆಯ ದಿನ ಯಾರು ಕುಂಟುತ್ತಾರೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಬುತ್ತಿಯ ವಿಚಾರದಲ್ಲಿ ಮೊದಲು ತಿಳಿಯಬೇಕಾದುದು ನೀರಿನ ತೂಕ. ಒಂದು ಲೀಟರು ನೀರು ಒಂದು ಕಿಲೋ. ಬಿಸಿಲಿನ ಹಾದಿಯಲ್ಲಿ ಎರಡು ಲೀಟರಾದರೂ ಜೊತೆಗಿರಬೇಕು; ಇದನ್ನು ಕಡಿಮೆ ಮಾಡುವಂತಿಲ್ಲ. ಆದುದರಿಂದ ಉಳಿದುದನ್ನೇ ಹಗುರ ಮಾಡಬೇಕು. ಒಂದು ಕಿಲೋ ಅಕ್ಕಿ ಅನ್ನವಾದಾಗ ಎರಡೂವರೆ ಕಿಲೋಗಿಂತ ಹೆಚ್ಚು ತೂಗುತ್ತದೆ, ಹೆಚ್ಚಿದುದೆಲ್ಲ ನೀರೇ. ಕಟ್ಟಿಕೊಂಡು ಹೋದರೆ ಆ ನೀರನ್ನು ಹೊತ್ತಂತಾಯಿತು, ಮೇಲಾಗಿ ಚೈತ್ರದ ಸೆಕೆಗೆ ಸಂಜೆಯೊಳಗೆ ಹಳಸುತ್ತದೆ. ದಾರಿಯಲ್ಲಿ ಬೇಯಿಸುವೆವೆಂದರೆ ಬೇಯಿಸಲೂ ಪಾತ್ರೆ ತೊಳೆಯಲೂ ಕುಡಿಯುವ ನೀರನ್ನೇ ಸುರಿಯಬೇಕು.

ನಮ್ಮ ತಾಯಂದಿರು ಈ ಲೆಕ್ಕವನ್ನು ಬಹುಕಾಲದ ಹಿಂದೆಯೇ ಅರಿತಿದ್ದರು. ಖಡಕ್ ಜೋಳದ ರೊಟ್ಟಿ, ಎಳ್ಳು ಹಚ್ಚಿದ ಸಜ್ಜೆಯ ರೊಟ್ಟಿ ವಾರಗಟ್ಟಲೆ ಕೆಡುವುದಿಲ್ಲ. ತೇವ ಪೂರ್ಣ ಆರಿರುವುದೇ ಕಾರಣ. ಮುರಿಯುವುದೆಂಬ ಚಿಂತೆ ಬೇಡ. ದಪ್ಪನೆಯ ಹತ್ತಿಯ ಅರಿವೆಯಲ್ಲಿ ಬಿಗಿಯಾಗಿ ಸುತ್ತಿ ಚೀಲದಲ್ಲಿ ಬೆನ್ನಿಗೆ ತಾಗುವಂತೆ ನಿಲ್ಲಿಸಿದರೆ ಬಹುಮಟ್ಟಿಗೆ ಉಳಿಯುತ್ತವೆ. ಪುಡಿಯಾದುದನ್ನು ಸ್ವಲ್ಪ ನೀರಿನಲ್ಲಿ ನೆನೆಸಿ ಚಟ್ನಿಪುಡಿ ಕಲಸಿ ತಿನ್ನಬಹುದು. ಶೇಂಗಾ, ಅಗಸಿ, ಗುರೆಳ್ಳು ಇವುಗಳ ಪುಡಿ ಎಣ್ಣೆಯ ಅಂಶದಿಂದ ಕೂಡಿದ್ದು, ಕಡಿಮೆ ತೂಕದಲ್ಲಿ ಹೆಚ್ಚು ಬಲ ಕೊಡುವಂಥವು. ನೂರು ಗ್ರಾಂ ಶೇಂಗಾದಲ್ಲಿ 550 ಕ್ಯಾಲೊರಿಗೂ ಮಿಕ್ಕಿ ಶಕ್ತಿಯಿದೆ. ಅಷ್ಟೇ ತೂಕದ ಅನ್ನದಲ್ಲಿ ಸುಮಾರು 130 ಮಾತ್ರ. ಆದರೆ ಪಾದಯಾತ್ರೆಯ ಚಟ್ನಿಗೆ ಖಾರ ಕಡಿಮೆಯಿರಲಿ, ಇಲ್ಲವಾದರೆ ಉಳಿಸಿದ ನೀರೆಲ್ಲ ಬಾಯಾರಿಕೆಗೆ ಹೋಗುತ್ತದೆ! ತೆಳು ಅವಲಕ್ಕಿ, ಪುಟಾಣಿ, ಬೆಲ್ಲ, ತಂಬಿಟ್ಟು ಇವು ಒಲೆಯನ್ನೇ ಕೇಳುವುದಿಲ್ಲ. ಅವಲಕ್ಕಿಗೆ ಒಂದು ಬೊಗಸೆ ತಣ್ಣೀರು ಸಾಕು. ಹುಡುಗರು ಮೆಚ್ಚುವ ನೂಡಲ್ಸು ಹಗುರವೇನೋ ನಿಜ, ಆದರೆ ಬೆಂಕಿ ಬೇಕು, ನೀರು ಬೇಕು, ಕೊನೆಗೆ ಪ್ಲಾಸ್ಟಿಕ್ಕಿನ ಹೊದಿಕೆ ಉಳಿಯುತ್ತದೆ.

ಬೆಂಕಿಯ ಮಾತು ಬಂದುದರಿಂದ ಒಂದು ವಿಷಯವನ್ನು ಒತ್ತಿ ಹೇಳಬೇಕಾಗಿದೆ. ಬಯಲುಸೀಮೆಯ ಹಾದಿಯಲ್ಲಿ ಊರಿಂದೂರಿಗೆ ದಾಸೋಹ ನಡೆದಿರುತ್ತದೆ. ಅಲ್ಲಿ ಒಲೆಯ ಅಗತ್ಯವೇ ಬೀಳದು. ವೆಂಕಟಾಪುರಂ ದಾಟಿ ನಾಗಲೂಟಿ, ಪೆದ್ದಚೆರುವು, ಭೀಮನಕೊಳ್ಳಗಳ ಮೂಲಕ ಕೈಲಾಸ ಬಾಗಿಲಿಗೆ ಏರುವ ನಲ್ಲಮಲದ ಕಾಡು ಹುಲಿ ಸಂರಕ್ಷಿತ ಪ್ರದೇಶ. ಫಾಲ್ಗುಣ, ಚೈತ್ರಗಳಲ್ಲಿ ಅಲ್ಲಿ ಗಿಡಮರಗಳ ಎಲೆಯುದುರಿ ನೆಲವೆಲ್ಲ ತರಗಲೆಯೂ ಒಣಹುಲ್ಲೂ ಆಗಿರುತ್ತದೆ. ಮೂರು ಕಲ್ಲಿನ ಒಲೆಯಿಂದ ಹಾರಿದ ಒಂದು ಕಿಡಿ ಸಾಕು, ಹಿಂದೆ ಬರುತ್ತಿರುವ ಯಾತ್ರಿಕರಿಗೇ ದಾರಿ ಮುಚ್ಚಿಹೋದೀತು. ಕಾಡಿನೊಳಗೆ ಬೆಂಕಿ ಹಚ್ಚುವುದಕ್ಕೆ ನಿಷೇಧವಿದೆ, ನಿಷೇಧವಿಲ್ಲದಿದ್ದರೂ ಹಚ್ಚತಕ್ಕುದಲ್ಲ. ಒಬ್ಬರಿಗೆ ಹತ್ತು ರೊಟ್ಟಿ, ನೂರು ಗ್ರಾಂ ಚಟ್ನಿಪುಡಿ, ಕಾಲು ಕಿಲೋ ಅವಲಕ್ಕಿ, ಪುಟಾಣಿ, ಶೇಂಗಾ ಮತ್ತು ಬೆಲ್ಲ ತಲಾ ಒಂದು ಹಿಡಿ ಇದ್ದರೆ ಕಾಡಿನ ಹಾದಿಗೆ ಧಾರಾಳವಾಯಿತು. ಒಂದು ಲೀಟರು ನೀರಿಗೆ ಆರು ಚಹಾಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಬೆರೆಸಿದ ಪಾನೀಯವನ್ನು ಹಿರಿಯರಿಗೆ ಆಗಾಗ ಕುಡಿಸಬೇಕು. ಅದಕ್ಕೆ ಬೇಕಾದ ಸಕ್ಕರೆ, ಉಪ್ಪನ್ನು ಮನೆಯಲ್ಲಿಯೇ ಅಳೆದು ಪೊಟ್ಟಣ ಕಟ್ಟಿಕೊಳ್ಳುವುದು ಮೇಲು.

ಕೇದಾರದ ಮಾತು ಬೇರೆ. ನಮ್ಮ ಮನೆತನಗಳವರು ಅಲ್ಲಿಗೂ ಹೋಗುವರು. ಅಲ್ಲಿಯ ರಾವಲರು ಕರ್ನಾಟಕದ ವೀರಶೈವರೇ ಆಗಿರುವುದು ಸಂಪ್ರದಾಯ. ಗೌರಿಕುಂಡದಿಂದ ಏರಿ 3,583 ಮೀಟರು ಎತ್ತರದ ಆ ಕ್ಷೇತ್ರವನ್ನು ತಲುಪಿದಾಗ ಬಿಸಿನೀರು ಔಷಧಿಯಂತೆ ಬೇಕಾಗುತ್ತದೆ. ಆದರೆ ಅಲ್ಲಿ ನೀರು ಸುಮಾರು 88 ಡಿಗ್ರಿಯಲ್ಲಿಯೇ ಕುದಿಯುವುದರಿಂದ ಕುಕ್ಕರಿಲ್ಲದೆ ಬೇಳೆ ಬೇಯದು. ಕುಕ್ಕರನ್ನು ಹೊರುವುದಕ್ಕಿಂತ, ರವೆಯನ್ನು ಒಗ್ಗರಣೆಯೊಂದಿಗೆ ಚೆನ್ನಾಗಿ ಹುರಿದು ಒಯ್ಯುವುದು ಲೇಸು. ಕುದಿಯುವ ನೀರು ಹೊಯ್ದು ಮುಚ್ಚಿ, ಶಾಲು ಸುತ್ತಿ ಹತ್ತು ನಿಮಿಷ ಇಟ್ಟರೆ ಉಪ್ಪಿಟ್ಟು ಸಿದ್ಧ. ಇಬ್ಬರಿಗೆ ಒಂದು ಲೀಟರಿನ ತೆಳು ಅಲ್ಯುಮಿನಿಯಂ ಪಾತ್ರೆ ಸಾಕು, ತಟ್ಟೆಯೇ ಮುಚ್ಚಳ, ಲೋಟ ಪಾತ್ರೆಯೊಳಗೆ. ಒಂದೇ ಗಾತ್ರದ ಅಲ್ಯುಮಿನಿಯಂ ಸ್ಟೀಲಿನ ಮೂರನೆಯ ಒಂದು ಪಾಲಿನಷ್ಟೇ ತೂಗುತ್ತದೆ. ಅದರಲ್ಲಿ ಹುಣಸೆಯ ಹುಳಿ ಮಾತ್ರ ಕುದಿಸಬಾರದು.

ಗ್ಯಾಸಿನ ಡಬ್ಬಿಯನ್ನು ರೈಲಿನಲ್ಲಾಗಲಿ ವಿಮಾನದಲ್ಲಾಗಲಿ ಒಯ್ಯುವಂತಿಲ್ಲ, ಮಲೆಯ ಬುಡದ ಪೇಟೆಯಲ್ಲಿಯೇ ಕೊಳ್ಳಬೇಕು. ಕೊಳ್ಳುವಾಗ ಬರೀ ಬ್ಯುಟೇನ್ ತುಂಬಿದುದು ಬೇಡ. ಸೊನ್ನೆ ಡಿಗ್ರಿಯ ಚಳಿಯಲ್ಲಿ ಅದು ಆವಿಯಾಗದೆ ಒಲೆ ಉರಿಯುವುದಿಲ್ಲ. ಪ್ರೊಪೇನ್ ಬೆರೆತ ಡಬ್ಬಿಯನ್ನೇ ಕೇಳಿ ಪಡೆಯಿರಿ.